ಅಮೆರಿಕದ ಪೊಲೀಸ್ ಮುಖ್ಯಸ್ಥರ ಸಂಘ ಐಎಸಿಪಿ: ಅಧಿಕಾರವೇ ಇಲ್ಲದೆ ಇಷ್ಟೆಲ್ಲ ಹೇಗೆ ಮಾಡಿತು?

ಹಳೆಕಡತ (ಪ್ರಶ್ನೆ)

ಅಮೆರಿಕದ ಪೊಲೀಸ್ ಆಡಳಿತದ ಚರಿತ್ರೆ ಓದುವಾಗ ಇಂಟರ್‌ನ್ಯಾಷನಲ್ ಅಸೋಸಿಯೇಷನ್ ಆಫ್ ಚೀಫ್ಸ್ ಆಫ್ ಪೊಲೀಸ್, ಅಂದರೆ ಐಎಸಿಪಿ, ಎಲ್ಲ ಕಡೆ ತಲೆಹಾಕುತ್ತದೆ. ಬೆರಳಚ್ಚಿನ ವಿಷಯ ತೆಗೆದರೆ ಅಲ್ಲಿ ಅವರು, ಅಪರಾಧದ ಅಂಕಿಅಂಶ ಅಂದರೆ ಅಲ್ಲೂ ಅವರೇ. ಆದರೆ ಅದು ಸರ್ಕಾರಿ ಇಲಾಖೆ ಅಲ್ಲ, ಸದಸ್ಯರು ಸೇರಿ ಕಟ್ಟಿಕೊಂಡ ಸಂಘ. ಯಾರನ್ನೂ ಬಂಧಿಸುವ, ಯಾರಿಗೂ ಆದೇಶ ಕೊಡುವ ಅಧಿಕಾರ ಅದಕ್ಕಿಲ್ಲ.

ಮೂರು ಕಡೆ ಗೊಂದಲ ಇದೆ:

1. ಕೆಲವರು ಆರಂಭ 1871 ಅನ್ನುತ್ತಾರೆ, ಕೆಲವರು 1893. ಯಾವುದು ಸರಿ?
2. ರಾಷ್ಟ್ರಮಟ್ಟದ ಬೆರಳಚ್ಚು ಸಂಗ್ರಹ ಕಟ್ಟಿದ್ದು ಈ ಸಂಘವೋ, ಎಫ್‌ಬಿಐಯೋ?
3. "ಎಫ್‌ಬಿಐ ಅಂಕಿಅಂಶ" ಎಂದು ನಾವು ಬಳಸುವ ಯೂನಿಫಾರ್ಮ್ ಕ್ರೈಮ್ ರಿಪೋರ್ಟ್ ಮೂಲದಲ್ಲಿ ಈ ಸಂಘದ್ದು ಎಂಬುದು ನಿಜವೇ? ನಿಜವಾದರೆ, 1930ರಿಂದ ಇಂದಿನವರೆಗೆ ಒಂದೇ ಗ್ರಾಫ್ ಎಳೆಯಬಹುದೇ?

ಸೆಮಿನಾರ್ ಪ್ರಬಂಧಕ್ಕೆ ಬೇಕು. ವಿವರವಾಗಿ ಬರೆದರೆ ಉಪಕಾರ.

ಗಡಿರೇಖೆ

ಮೊದಲನೆಯ ಪ್ರಶ್ನೆಗೆ: 1893 ಸರಿ. 1871ರ ಅಕ್ಟೋಬರ್‌ನಲ್ಲಿ ಸೇಂಟ್ ಲೂಯಿಸ್‌ನಲ್ಲಿ ನಡೆದದ್ದು ನ್ಯಾಷನಲ್ ಪೊಲೀಸ್ ಕನ್ವೆನ್ಷನ್. ನೂರಕ್ಕೂ ಹೆಚ್ಚು ಅಧಿಕಾರಿಗಳು ಸೇರಿದ್ದರು, ಮಾತೂ ಬೇಕಾದಷ್ಟು ಆಯಿತು, ಆದರೆ ಎಲ್ಲರೂ ಊರಿಗೆ ಮರಳಿದ ಮೇಲೆ ಅದನ್ನು ಮುಂದುವರಿಸುವವರೇ ಇರಲಿಲ್ಲ. ಹಾಗಾಗಿ ಅದನ್ನು ಪೂರ್ವಪ್ರಯತ್ನ ಅನ್ನಬಹುದು, ಸ್ಥಾಪನೆ ಅನ್ನಲಾಗದು.

22 ವರ್ಷ ಬಿಟ್ಟು, 1893ರ ಮೇ ತಿಂಗಳಲ್ಲಿ, ಶಿಕಾಗೋದಲ್ಲಿ 51 ಮಂದಿ ಪೊಲೀಸ್ ಮುಖ್ಯಸ್ಥರು ಸೇರಿದರು. ಕರೆ ಕೊಟ್ಟವರು ನೆಬ್ರಾಸ್ಕಾದ ಒಮಾಹಾ ನಗರದ ಮುಖ್ಯಸ್ಥ ವೆಬರ್ ಸೀವಿ, ಮೊದಲ ಅಧ್ಯಕ್ಷರೂ ಅವರೇ. ಹೆಸರು ನ್ಯಾಷನಲ್ ಚೀಫ್ಸ್ ಆಫ್ ಪೊಲೀಸ್ ಯೂನಿಯನ್. ಇಂದಿನ ಹೆಸರು ಬಂದದ್ದು 1902ರಲ್ಲಿ. ಹಳೆಯ ಪತ್ರಿಕೆಗಳಲ್ಲಿ ಹುಡುಕುವವರು ಇದನ್ನು ಗಮನಿಸಬೇಕು: ಈಗಿನ ಹೆಸರು ಕೊಟ್ಟರೆ ಮೊದಲ ಒಂಬತ್ತು ವರ್ಷ ಏನೂ ಸಿಗುವುದಿಲ್ಲ, ಸಂಘವೇ ಇರಲಿಲ್ಲವೇನೋ ಅನ್ನಿಸಿಬಿಡುತ್ತದೆ. ಎರಡು ಹೆಸರುಗಳ ಮಧ್ಯೆ ಅಮೆರಿಕ ಮತ್ತು ಕೆನಡಾ ಎರಡನ್ನೂ ಸೇರಿಸಿದ ಇನ್ನೊಂದು ಹೆಸರೂ ಬಂದುಹೋಗಿದೆ. ಶುರುವಿನಲ್ಲಿ "ಅಂತಾರಾಷ್ಟ್ರೀಯ" ಎಂದರೆ ಹೆಚ್ಚುಕಡಿಮೆ ಕೆನಡಾ ಅಷ್ಟೇ. ಕೆನಡಾದವರು 1905ರಲ್ಲಿ ಟೊರಾಂಟೋದಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು.

ಇಂಥ ಸಂಘದ ಅಗತ್ಯ ಏಕೆ ಬಿತ್ತು ಎಂದು ತಿಳಿಯಲು ಆ ಕಾಲದ ಕೆಲಸದ ಕಷ್ಟ ನೋಡಬೇಕು. ಅಮೆರಿಕದಲ್ಲಿ ರಾಷ್ಟ್ರೀಯ ಪೊಲೀಸ್ ಪಡೆ ಎಂಬುದೇ ಇಲ್ಲ. ಈಗಲೂ ಸುಮಾರು 18,000 ಪ್ರತ್ಯೇಕ ಪೊಲೀಸ್ ಸಂಸ್ಥೆಗಳಿವೆ, ಪ್ರತಿಯೊಂದರ ಅಧಿಕಾರವೂ ಅದರ ಗಡಿಯಲ್ಲಿ ಮುಗಿಯುತ್ತದೆ. ಒಮಾಹಾದಲ್ಲಿ ಕನ್ನ ಹಾಕಿದವನು ರಾತ್ರಿ ರೈಲು ಹತ್ತಿದರೆ ಬೆಳಗಾಗುವ ಹೊತ್ತಿಗೆ ಬೇರೆ ರಾಜ್ಯದಲ್ಲಿರುತ್ತಿದ್ದ. ಅಲ್ಲಿಂದ ಅವನನ್ನು ಕರೆತರಬೇಕಾದರೆ ಈ ರಾಜ್ಯದ ಗವರ್ನರ್ ಆ ರಾಜ್ಯದ ಗವರ್ನರ್‌ಗೆ ಲಿಖಿತ ಬೇಡಿಕೆ ಕಳಿಸಬೇಕು. ಸಂವಿಧಾನ ಹೇಳುವ ದಾರಿ ಅದೊಂದೇ. ಅದಕ್ಕೂ ಮೊದಲು ಅವನು ಎಲ್ಲಿದ್ದಾನೆ, ಸಿಕ್ಕಿಬಿದ್ದವನು ಅವನೇ ಹೌದೇ, ಕಾಗದ ಬರುವತನಕ ಆ ಊರಿನವರು ಅವನನ್ನು ಹಿಡಿದಿಟ್ಟುಕೊಳ್ಳುತ್ತಾರೆಯೇ, ಹೋಗಿಬರುವ ರೈಲು ಖರ್ಚು ಯಾರ ಲೆಕ್ಕಕ್ಕೆ? ಇವಕ್ಕೆಲ್ಲ ಕಾನೂನಿನಲ್ಲಿ ಉತ್ತರ ಇರಲಿಲ್ಲ. ಆ ಕಡೆಯ ಮುಖ್ಯಸ್ಥ ಪರಿಚಯದವನಾಗಿದ್ದರೆ ಮಾತ್ರ ಕೆಲಸ ಆಗುತ್ತಿತ್ತು. ಸಂಘ ಹುಟ್ಟಿದ್ದು ಈ ಪರಿಚಯಕ್ಕೆ ಒಂದು ಕಾಯಂ ವ್ಯವಸ್ಥೆ ಬೇಕೆಂದು.

ಇನ್ನೊಂದು ಸಂಗತಿಯನ್ನು ಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ಆಗ ಪೊಲೀಸ್ ಮುಖ್ಯಸ್ಥನ ಕುರ್ಚಿ ಮೇಯರ್ ಚುನಾವಣೆಗೆ ಕಟ್ಟಿಬಿದ್ದಿತ್ತು. ಪಕ್ಷ ಬದಲಾದರೆ ಮುಖ್ಯಸ್ಥನೂ ಹೊರಗೆ. ಪರಿಚಯ ಬೆಳೆಯುವಷ್ಟರಲ್ಲಿ ಮನುಷ್ಯನೇ ಬದಲಾಗುತ್ತಿದ್ದ. ಹೀಗಾಗಿ ನೇಮಕ, ಬಡ್ತಿ, ಸೇವಾಭದ್ರತೆಯೂ ಬೇಗನೆ ಸಂಘದ ಕಾರ್ಯಸೂಚಿಗೆ ಸೇರಿದವು. ಸಂಘಕ್ಕೆ ಸ್ಥಿರತೆ ಬಂದದ್ದು ವಾಷಿಂಗ್ಟನ್ ಡಿಸಿ ಪೊಲೀಸ್ ಸೂಪರಿಂಟೆಂಡೆಂಟ್ ರಿಚರ್ಡ್ ಸಿಲ್ವೆಸ್ಟರ್ 1901ರಿಂದ 1915ರವರೆಗೆ ಅಧ್ಯಕ್ಷರಾಗಿ ಉಳಿದದ್ದರಿಂದ. ಅಷ್ಟು ಕಾಲ ಒಬ್ಬರೇ ಇದ್ದದ್ದು ಪ್ರಜಾಸತ್ತಾತ್ಮಕವಾಗಿ ಚೆಂದವೋ ಅಲ್ಲವೋ, ಕಡತಗಳ ದೃಷ್ಟಿಯಿಂದ ಬಹಳ ಒಳ್ಳೆಯದಾಯಿತು.

ಸುರುಳಿಗೆರೆ

ಎರಡನೆಯ ಪ್ರಶ್ನೆಗೆ: ಕಟ್ಟಿದ್ದು ಸಂಘ ಮತ್ತು ಒಂದು ಜೈಲು, ವಾರಸುದಾರ ಎಫ್‌ಬಿಐ.

1897ರಲ್ಲಿ ಸಂಘ ಶಿಕಾಗೋದಲ್ಲಿ ನ್ಯಾಷನಲ್ ಬ್ಯೂರೋ ಆಫ್ ಕ್ರಿಮಿನಲ್ ಐಡೆಂಟಿಫಿಕೇಷನ್ (ಅಪರಾಧಿಗಳ ಗುರುತು ಕಚೇರಿ) ತೆರೆಯಿತು. 1902ರಲ್ಲಿ ಅದು ವಾಷಿಂಗ್ಟನ್‌ಗೆ ಹೋಯಿತು. ಖರ್ಚು ಭರಿಸುತ್ತಿದ್ದದ್ದು ಸೇರಿದ ನಗರಗಳ ಚಂದಾ. ಮೊದಲಿಗೆ ಅಲ್ಲಿದ್ದದ್ದು ಬೆರಳಚ್ಚಲ್ಲ, ಬರ್ಟಿಲಾನ್ ಕಾರ್ಡುಗಳು. ಪ್ಯಾರಿಸ್ಸಿನ ಅಲ್ಫೋನ್ಸ್ ಬರ್ಟಿಲಾನ್ ರೂಪಿಸಿದ ದೇಹದಳತೆ ಪದ್ಧತಿ ಅದು. ಎತ್ತರ, ಚಾಚಿದ ತೋಳುಗಳ ಉದ್ದ, ಕುಳಿತಾಗಿನ ಎತ್ತರ, ತಲೆಯ ಉದ್ದ, ತಲೆಯ ಅಗಲ, ಬಲಗಿವಿ, ಎಡಪಾದ, ಎಡಗೈ ನಡುಬೆರಳು, ಕಿರುಬೆರಳು, ಎಡ ಮುಂಗೈ ಮುಂತಾದ 11 ಅಳತೆ, ಜೊತೆಗೆ ಎದುರಿನಿಂದೊಂದು ಪಕ್ಕದಿಂದೊಂದು ಫೋಟೋ.

ಕಾರ್ಡು ಜೋಡಿಸುವ ಕ್ರಮ ನೋಡಿದರೆ ಅದು ಏಕೆ ಸೋತಿತು ಎಂಬುದು ತಾನಾಗಿ ತಿಳಿಯುತ್ತದೆ. ಪ್ರತಿ ಅಳತೆಗೂ ಸಣ್ಣ, ಮಧ್ಯಮ, ದೊಡ್ಡ ಎಂದು ಮೂರು ಪಾಲು. ತಲೆಯುದ್ದದಿಂದ 3, ಅದಕ್ಕೆ ತಲೆಯಗಲ ಸೇರಿದರೆ 9, ನಡುಬೆರಳು ಸೇರಿದರೆ 27, ಇನ್ನೊಂದು ಅಳತೆಗೆ 81 ಖಾನೆ. ಕಾಗದದ ಮೇಲೆ ಅಚ್ಚುಕಟ್ಟು. ಆದರೆ ಒಬ್ಬನ ತಲೆಯುದ್ದ ಸರಿಯಾಗಿ "ಸಣ್ಣ" ಮತ್ತು "ಮಧ್ಯಮ"ದ ಗೆರೆಯ ಮೇಲೆ ಬಿದ್ದರೆ ಎರಡೂ ಕಡೆ ಹುಡುಕಬೇಕು. ಮೂರು ಅಳತೆಗಳು ಹಾಗೆ ಗೆರೆಯ ಮೇಲಿದ್ದರೆ 8 ಖಾನೆ. ಒಂದೂರಿನ ಪೇದೆ ಕ್ಯಾಲಿಪರ್ (ಅಳತೆಯ ಇಕ್ಕಳ) ಒತ್ತಿ ಹಿಡಿಯುತ್ತಾನೆ, ಇನ್ನೊಂದೂರಿನವನು ಸಡಿಲ ಹಿಡಿಯುತ್ತಾನೆ. ತಲೆಯ ಅಳತೆಯಲ್ಲಿ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಬಂದರೆ ಕಾರ್ಡು ಬೇರೆ ಖಾನೆಯಲ್ಲಿರುತ್ತದೆ, ಬೀರುವಿನಲ್ಲಿದ್ದೂ ಇಲ್ಲದಂತೆ. ಪ್ಯಾರಿಸ್ಸಿನಲ್ಲಿ ಒಂದೇ ಕಚೇರಿಯಲ್ಲಿ ತರಬೇತಾದವರು ಅಳೆಯುತ್ತಿದ್ದರು. ಅಮೆರಿಕದಲ್ಲಿ ಹತ್ತಾರು ನಗರಗಳು ತಮ್ಮ ತಮ್ಮ ಕೈಯಲ್ಲಿ ಅಳೆದು ಕಳಿಸುತ್ತಿದ್ದವು. ಬೆಳೆಯುವ ವಯಸ್ಸಿನವರ ಅಳತೆ ನಿಲ್ಲುವುದೂ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಘಟನಾ ಸ್ಥಳದಲ್ಲಿ ಯಾರೂ ತಮ್ಮ ಕಿವಿಯ ಅಳತೆ ಬಿಟ್ಟುಹೋಗುವುದಿಲ್ಲ.

ತಿರುವು ಬಂದದ್ದು 1904ರಲ್ಲಿ. ಸೇಂಟ್ ಲೂಯಿಸ್ ವಿಶ್ವಮೇಳಕ್ಕೆ ಬ್ರಿಟನ್ ಕಳಿಸಿದ್ದ ರಾಜಮನೆತನದ ಬೆಲೆಬಾಳುವ ವಸ್ತುಗಳ ಕಾವಲಿಗೆ ಸ್ಕಾಟ್ಲೆಂಡ್ ಯಾರ್ಡ್‌ನ ಜಾನ್ ಫೆರಿಯರ್ ಬಂದಿದ್ದರು. ಅದೇ ಸಮಯಕ್ಕೆ ಸಂಘದ ಅಧಿವೇಶನವೂ ಅಲ್ಲೇ. ಫೆರಿಯರ್ ಅಮೆರಿಕದ ಪೊಲೀಸರಿಗೆ ಹೆನ್ರಿ ಪದ್ಧತಿಯ ಬೆರಳಚ್ಚು ವರ್ಗೀಕರಣ ತೋರಿಸಿಕೊಟ್ಟರು. ಲೆವೆನ್‌ವರ್ತ್ ಫೆಡರಲ್ ಜೈಲಿನಲ್ಲಿ ಬೆರಳಚ್ಚು ತೆಗೆಯಲು ಶುರುವಾದದ್ದೂ ಅದೇ ವರ್ಷ. 1903ರಲ್ಲಿ ಆ ಜೈಲಿನಲ್ಲಿ ವಿಲ್ ವೆಸ್ಟ್, ವಿಲಿಯಂ ವೆಸ್ಟ್ ಎಂಬ ಇಬ್ಬರು ಒಂದೇ ಅಚ್ಚಿನಂತೆ ಕಂಡರು, ಅಂದೇ ಬರ್ಟಿಲಾನ್ ಪದ್ಧತಿ ಕುಸಿಯಿತು ಎಂಬ ಕಥೆ ನಿಮಗೆ ಖಂಡಿತ ಎದುರಾಗುತ್ತದೆ. ಕೈದಿಗಳಿಬ್ಬರೂ ಇದ್ದದ್ದು ನಿಜ, ಆದರೆ ನಾಟಕೀಯ ಭಾಗ ಆಮೇಲೆ ಬೆಳೆದದ್ದು. ಪ್ರಬಂಧದಲ್ಲಿ ಅದನ್ನು ಕಾರಣವೆಂದು ಬರೆಯಬೇಡಿ.

ಹೆನ್ರಿ ಪದ್ಧತಿಯ ಗೆಲುವು ಲೆಕ್ಕದಲ್ಲಿದೆ. ಬಲ ಹೆಬ್ಬೆರಳಿನಿಂದ ಎಡ ಕಿರುಬೆರಳಿನವರೆಗೆ 1ರಿಂದ 10 ಸಂಖ್ಯೆ. 1-2ನೇ ಬೆರಳಿಗೆ 16, 3-4ಕ್ಕೆ 8, 5-6ಕ್ಕೆ 4, 7-8ಕ್ಕೆ 2, 9-10ಕ್ಕೆ 1 ಬೆಲೆ. ಸುರುಳಿ ಗೆರೆ ಇರುವ ಬೆರಳಿನ ಬೆಲೆ ಮಾತ್ರ ಎಣಿಸಬೇಕು, ಉಳಿದವು ಸೊನ್ನೆ. ಸಮ ಸಂಖ್ಯೆಯ ಬೆರಳುಗಳ ಮೊತ್ತಕ್ಕೆ 1 ಕೂಡಿಸಿ ಮೇಲೆ, ಬೆಸ ಸಂಖ್ಯೆಯವುಗಳಿಗೆ 1 ಕೂಡಿಸಿ ಕೆಳಗೆ. ಬಲ ಹೆಬ್ಬೆರಳು (16) ಮತ್ತು ಎಡ ನಡುಬೆರಳು (2) ಎರಡರಲ್ಲೇ ಸುರುಳಿ ಇದ್ದರೆ ಮೇಲೆ 2+1=3, ಕೆಳಗೆ 16+1=17, ಕಾರ್ಡು 3/17ರ ಗುಂಪಿಗೆ. ಒಟ್ಟು 32×32=1,024 ಗುಂಪು. ಸುರುಳಿ ಇದೆಯೋ ಇಲ್ಲವೋ ಎಂಬುದು ಕ್ಯಾಲಿಪರ್ ಹಿಡಿತದ ಮೇಲೆ ನಿಲ್ಲುವುದಿಲ್ಲ. ತೊಡಕು ಇಲ್ಲವೆಂದಲ್ಲ: ಒಂದೂ ಸುರುಳಿ ಇಲ್ಲದವರೆಲ್ಲ 1/1ರಲ್ಲೇ ಬಂದು ತುಂಬುತ್ತಾರೆ, ಆ ಗುಂಪನ್ನು ಮತ್ತೆ ಒಡೆಯಲು ಉಪವರ್ಗಗಳು ಬೇಕಾದವು.

ತನ್ನ ಗುರುತು ಬ್ಯೂರೋವನ್ನು ಕೇಂದ್ರ ಸರ್ಕಾರ ವಹಿಸಿಕೊಳ್ಳಲಿ ಎಂದು ಸಂಘ ಕಾಂಗ್ರೆಸ್ಸನ್ನು (ಅಮೆರಿಕದ ಸಂಸತ್ತನ್ನು) ಮತ್ತೆ ಮತ್ತೆ ಕೇಳಿತು, ದೀರ್ಘಕಾಲ ಫಲ ಸಿಗಲಿಲ್ಲ. ಅತ್ತ ನ್ಯಾಯ ಇಲಾಖೆ ತನ್ನ ಸಂಗ್ರಹವನ್ನು 1907ರಲ್ಲಿ ಖರ್ಚು ಉಳಿಸಲು ಲೆವೆನ್‌ವರ್ತ್ ಜೈಲಿಗೆ ಸಾಗಿಸಿ ಕೈದಿಗಳ ಕೈಯಲ್ಲಿ ಕಾರ್ಡು ವಿಂಗಡಿಸಿತು. ಅಪರಾಧಿಗಳ ದಾಖಲೆ ಅಪರಾಧಿಗಳ ಕೈಗೇ! ಪೊಲೀಸ್ ಮುಖ್ಯಸ್ಥರು ಅದನ್ನು ನಂಬದಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ಕೊನೆಗೆ 1924ರ ಜುಲೈನಲ್ಲಿ ಸಂಘದ ಸಂಗ್ರಹ, ಲೆವೆನ್‌ವರ್ತ್ ಸಂಗ್ರಹ ಎರಡೂ ಸೇರಿ 8,10,188 ದಾಖಲೆಗಳೊಂದಿಗೆ ಬ್ಯೂರೋ ಆಫ್ ಇನ್ವೆಸ್ಟಿಗೇಷನ್ನಿನ ಗುರುತು ವಿಭಾಗವಾಯಿತು. ಎಡ್ಗರ್ ಹೂವರ್ ಅಲ್ಲಿನ ಹಂಗಾಮಿ ನಿರ್ದೇಶಕರಾಗಿ ಎರಡು ತಿಂಗಳೂ ಆಗಿರಲಿಲ್ಲ. "ಎಫ್‌ಬಿಐ" ಎಂಬ ಹೆಸರು ಬಂದದ್ದು 1935ರಲ್ಲಿ, ಆದ್ದರಿಂದ 1924ರ ಸಂಗತಿ ಬರೆಯುವಾಗ ಹಳೆಯ ಹೆಸರನ್ನೇ ಹಾಕಿ.

ಎಣಿಕೆಪುಸ್ತಕ

ಮೂರನೆಯದು ನನ್ನ ಪಾಲಿಗಿರಲಿ. ಹೌದು, ಮೂಲ ಸಂಘದ್ದೇ.

1920ರ ದಶಕದಲ್ಲಿ ಪತ್ರಿಕೆಗಳು ವರ್ಷಕ್ಕೊಮ್ಮೆ "ಅಪರಾಧದ ಅಲೆ" ಎಬ್ಬಿಸುತ್ತಿದ್ದವು, ಉತ್ತರ ಕೊಡಲು ಪೊಲೀಸರ ಬಳಿ ಒಂದೇ ಅಳತೆಯ ಲೆಕ್ಕ ಇರಲಿಲ್ಲ. 1927ರಲ್ಲಿ ಸಂಘ ಇದಕ್ಕೊಂದು ಸಮಿತಿ ನೇಮಿಸಿತು. ಕೆಲಸದ ಹಿಂದಿನ ಮುಖ್ಯ ತಲೆ ಪೊಲೀಸ್ ಆಡಳಿತ ತಜ್ಞ ಬ್ರೂಸ್ ಸ್ಮಿತ್, ಹಣ ಬಂದದ್ದು ರಾಕ್‌ಫೆಲರ್ ದತ್ತಿಯಿಂದ. 1929ರಲ್ಲಿ ಕೈಪಿಡಿ ಹೊರಬಂತು. 1930ರ ಜನವರಿಯಲ್ಲಿ 43 ರಾಜ್ಯಗಳ 400 ನಗರಗಳಿಂದ, ಅಂದರೆ ಸುಮಾರು 2 ಕೋಟಿ ಜನಸಂಖ್ಯೆಯಿಂದ, ಲೆಕ್ಕ ಬರಲು ಶುರುವಾಯಿತು. ಅದೇ ವರ್ಷ ಕಾಂಗ್ರೆಸ್ ಅನುಮತಿ ಕೊಟ್ಟು, ಸೆಪ್ಟೆಂಬರಿನಿಂದ ಬ್ಯೂರೋ ಆಫ್ ಇನ್ವೆಸ್ಟಿಗೇಷನ್ ಅದನ್ನು ವಹಿಸಿಕೊಂಡಿತು. ಜನಗಣತಿ ಇಲಾಖೆಗೆ ಕೊಡಬೇಕಿತ್ತು ಎಂಬ ವಾದವೂ ಆಗ ಇತ್ತು. ನನ್ನ ಅಭಿಪ್ರಾಯದಲ್ಲಿ ಆ ವಾದ ಗೆದ್ದಿದ್ದರೆ ಚೆನ್ನಾಗಿತ್ತು. ತನ್ನ ಕೆಲಸದ ಅಳತೆಯನ್ನು ತಾನೇ ಒಪ್ಪಿಸುವವನನ್ನು ಪರೀಕ್ಷಿಸಲು ಹೊರಗಿನ ಕಣ್ಣು ಬೇಕಿತ್ತು.

ಸಮಿತಿಯ ಎರಡು ತೀರ್ಮಾನಗಳು ಮುಖ್ಯ. ಮೊದಲನೆಯದು, ಬಂಧನವನ್ನೋ ಶಿಕ್ಷೆಯನ್ನೋ ಎಣಿಸದೆ "ಪೊಲೀಸರ ಗಮನಕ್ಕೆ ಬಂದ ಅಪರಾಧ" ಎಣಿಸುವುದು. ಘಟನೆಯಿಂದ ಕೋರ್ಟಿನತ್ತ ಒಂದೊಂದು ಹೆಜ್ಜೆ ಹೋದಂತೆ ಪ್ರಕರಣಗಳು ಉದುರುತ್ತವೆ, ಆದ್ದರಿಂದ ಘಟನೆಗೆ ಹತ್ತಿರದಲ್ಲೇ ಎಣಿಸಬೇಕು. ಎರಡನೆಯದು, ರಾಜ್ಯದ ಕಾನೂನು ಏನೇ ಹೆಸರಿಟ್ಟಿರಲಿ, ಕೈಪಿಡಿಯ ವ್ಯಾಖ್ಯೆಗೆ ಹೊಂದಿಸಿ ಬರೆಯುವುದು. ಗಂಭೀರವಾದ, ಪದೇ ಪದೇ ನಡೆಯುವ, ಎಲ್ಲ ಕಡೆ ಇರುವ, ಜನ ದೂರು ಕೊಡುವ ಸಾಧ್ಯತೆ ಹೆಚ್ಚಿರುವ ಏಳನ್ನು ಆರಿಸಿದರು: ಕೊಲೆ, ಅತ್ಯಾಚಾರ, ಸುಲಿಗೆ, ಗಂಭೀರ ಹಲ್ಲೆ, ಕನ್ನಗಳವು, ಕಳವು, ವಾಹನ ಕಳವು. 1979ರಲ್ಲಿ ಬೆಂಕಿ ಹಚ್ಚುವುದೂ ಸೇರಿತು.

ಜನ ಎಡವುವುದು ಎಣಿಕೆಯ ನಿಯಮಗಳಲ್ಲಿ. ಇವು ಒಟ್ಟು ಎಣಿಕೆಯನ್ನಷ್ಟೇ ಕಳಿಸುವ ಹಳೆಯ ಸಾರಾಂಶ ಪದ್ಧತಿಯವು. ವ್ಯಕ್ತಿಗಳ ಮೇಲಿನ ಅಪರಾಧವಾದರೆ ಬಲಿಪಶು ಎಷ್ಟೋ ಅಷ್ಟು, ಸುಲಿಗೆಯಾದರೆ ಕೃತ್ಯಕ್ಕೊಂದು, ವಾಹನವಾದರೆ ಗಾಡಿಗೊಂದು. ಒಂದೇ ಘಟನೆಯಲ್ಲಿ ಹಲವು ಅಪರಾಧ ನಡೆದರೆ ಪಟ್ಟಿಯಲ್ಲಿ ಮೇಲಿರುವುದೊಂದೇ ಲೆಕ್ಕಕ್ಕೆ. ಅಂಗಡಿ ಸುಲಿದು ಮಾಲೀಕನನ್ನು ಕೊಂದರೆ ಒಂದು ಕೊಲೆ, ಸುಲಿಗೆ ಸೊನ್ನೆ. ಕೊಲೆ ಯತ್ನ ಕೊಲೆಯ ಖಾನೆಗೆ ಹೋಗುವುದಿಲ್ಲ, ಗಂಭೀರ ಹಲ್ಲೆಗೆ ಹೋಗುತ್ತದೆ. ಒಂದೇ ಆಡಳಿತದ ಹೋಟೆಲಿನಲ್ಲಿ ಒಂದೇ ಸಲ ಹತ್ತು ಕೋಣೆಗೆ ಕನ್ನ ಹಾಕಿದರೂ, ಪೊಲೀಸರಿಗೆ ದೂರು ಕೊಡುವವರು ಮ್ಯಾನೇಜರ್ ಆಗಿದ್ದರೆ ಅದು ಒಂದೇ ಕನ್ನಗಳವು. ಬಾಡಿಗೆ ಅಪಾರ್ಟ್‌ಮೆಂಟಿನಲ್ಲಾದರೆ ಮನೆಗೊಂದು.

ನಿಯಮ ಸರಿಯಿದ್ದರೂ ಠಾಣೆಯಲ್ಲಿ ದೂರು ಬರೆದುಕೊಳ್ಳದಿದ್ದರೆ ಮುಗಿಯಿತು. ನ್ಯೂಯಾರ್ಕ್ ಇದಕ್ಕೆ ಪಾಠಪುಸ್ತಕದ ಉದಾಹರಣೆ. ಅಲ್ಲಿಯ ಅಂಕಿ ನಂಬಲಾಗದು ಎಂದು 1949ರ ಸುಮಾರಿಗೆ ಎಫ್‌ಬಿಐ ಅದನ್ನು ಪ್ರಕಟಿಸುವುದನ್ನೇ ನಿಲ್ಲಿಸಿತು. ಠಾಣೆಗಳ ಬದಲು ಒಂದು ಕೇಂದ್ರದಲ್ಲಿ ದೂರು ದಾಖಲಿಸುವ ಕ್ರಮ ಬಂದ ಮೇಲೆ ಸುಲಿಗೆ 400 ಶೇಕಡ, ಕನ್ನಗಳವು 1,300 ಶೇಕಡ ಏರಿತು. ಏರಿದ್ದು ಅಪರಾಧವಲ್ಲ, ಬರವಣಿಗೆ.

ಹಳೆಕಡತ

ತುಂಬಾ ಉಪಯೋಗವಾಯಿತು. ಒಂದು ಸಂಶಯ: ಬೆರಳಚ್ಚು ಕೊಟ್ಟಾಯಿತು, ಅಂಕಿಅಂಶವನ್ನೂ ಕೊಟ್ಟಾಯಿತು. 1930ರ ನಂತರ ಸಂಘಕ್ಕೆ ಉಳಿದ ಕೆಲಸವೇನು?

ಗಡಿರೇಖೆ

ಮಾದರಿ ನಿಯಮ ಬರೆಯುವುದು, ತರಬೇತಿ, ಸಲಹೆ. 1930ರ ದಶಕದಲ್ಲಿ ಸಂಚಾರ ಸುರಕ್ಷತೆ, 1957ರಲ್ಲಿ ಪೊಲೀಸರ ನೀತಿಸಂಹಿತೆ, 1987ರಲ್ಲಿ ಮಾದರಿ ನೀತಿಗಳ ಕೇಂದ್ರ. ಇವನ್ನು ಪಾಲಿಸಲೇಬೇಕೆಂದು ಯಾರಿಗೂ ಒತ್ತಾಯ ಇಲ್ಲ. ಆದರೂ ಹರಡುವುದಕ್ಕೆ ಸರಳ ಕಾರಣವಿದೆ: ಅಮೆರಿಕದ ಪೊಲೀಸ್ ಇಲಾಖೆಗಳಲ್ಲಿ ಬಹುಪಾಲು ತೀರಾ ಸಣ್ಣವು. ಬೆರಳೆಣಿಕೆಯ ಸಿಬ್ಬಂದಿ ಇರುವ ಊರಿನ ಮುಖ್ಯಸ್ಥನಿಗೆ ಬಲಪ್ರಯೋಗದ ನಿಯಮಾವಳಿ ತಾನೇ ಬರೆಯಲು ವಕೀಲರೂ ಇಲ್ಲ, ಸಮಯವೂ ಇಲ್ಲ. ಮಾದರಿ ಪ್ರತಿಯಲ್ಲಿ ಊರಿನ ಹೆಸರು ತುಂಬಿದರೆ ಕೆಲಸ ಮುಗಿಯಿತು. ಅಪಾಯವೂ ಅಲ್ಲೇ ಇದೆ. ಆ ರಾಜ್ಯದ ಕಾನೂನಿಗೆ ಹೊಂದಿಸದೆ ಹಾಗೇ ಇಳಿಸಿಕೊಂಡರೆ, ಸಿಬ್ಬಂದಿಗೆ ತರಬೇತಿಯನ್ನೂ ಕೊಡದಿದ್ದರೆ, ನಾಳೆ ಮೊಕದ್ದಮೆಯಲ್ಲಿ "ನಿಮ್ಮ ನಿಯಮವನ್ನು ನೀವೇ ಪಾಲಿಸಿಲ್ಲ" ಎಂದು ಎದುರು ವಕೀಲರು ಅದನ್ನೇ ಎತ್ತಿ ತೋರಿಸುತ್ತಾರೆ.

ಸಣ್ಣ ಊರುಗಳ ಈ ಬಾಹುಳ್ಯ ಸಂಘದ ಒಳರಾಜಕೀಯವನ್ನೂ ರೂಪಿಸಿದೆ. 1976ರಲ್ಲಿ ಪೊಲೀಸ್ ಎಕ್ಸಿಕ್ಯೂಟಿವ್ ರಿಸರ್ಚ್ ಫೋರಂ ಎಂಬ ಪ್ರತ್ಯೇಕ ವೇದಿಕೆ ಹುಟ್ಟಿತು. ಅದು ದೊಡ್ಡ ನಗರಗಳ ಮುಖ್ಯಸ್ಥರದು, ಸಂಶೋಧನೆಗೆ ಒತ್ತು, ಸದಸ್ಯತ್ವಕ್ಕೆ ಪದವಿ ಬೇಕು. ಅದೇ ವರ್ಷ ಕಪ್ಪು ಪೊಲೀಸ್ ಅಧಿಕಾರಿಗಳ ನೋಬಲ್ ಸಂಘಟನೆಯೂ ಬಂತು. ಆದರೆ 1979ರಲ್ಲಿ ಪೊಲೀಸ್ ಇಲಾಖೆಗಳಿಗೆ ಮಾನ್ಯತೆ ಕೊಡುವ ಆಯೋಗ ಕಟ್ಟುವಾಗ ಈ ಎರಡೂ, ಐಎಸಿಪಿ ಮತ್ತು ಶೆರಿಫ್‌ಗಳ (ಕೌಂಟಿ ಮಟ್ಟದ ಪೊಲೀಸ್ ಮುಖ್ಯಸ್ಥರ) ಸಂಘ ನಾಲ್ಕೂ ಒಟ್ಟಿಗೆ ನಿಂತವು.

2016ರ ಅಕ್ಟೋಬರ್ ಬಿಟ್ಟರೆ ಚರಿತ್ರೆ ಅಪೂರ್ಣ. ಸ್ಯಾನ್ ಡಿಯಾಗೋ ಅಧಿವೇಶನದಲ್ಲಿ ಅಂದಿನ ಅಧ್ಯಕ್ಷ ಟೆರೆನ್ಸ್ ಕನಿಂಗ್‌ಹ್ಯಾಮ್, ಬಿಳಿಯರಲ್ಲದ ಸಮುದಾಯಗಳನ್ನು ಪೊಲೀಸ್ ವೃತ್ತಿ ಚರಿತ್ರೆಯಲ್ಲಿ ನಡೆಸಿಕೊಂಡ ರೀತಿಗೆ ಬಹಿರಂಗವಾಗಿ ಕ್ಷಮೆ ಕೇಳಿದರು. ಸದಸ್ಯರಲ್ಲಿ ಎಲ್ಲರಿಗೂ ಅದು ಹಿಡಿಸಲಿಲ್ಲ, ಹೊರಗಿನವರಲ್ಲಿ ಕೆಲವರಿಗೆ ಸಾಲಲಿಲ್ಲ.

ಹೋಲಿಕೆಗೆ ಬ್ರಿಟನ್ನಿನ ಪೊಲೀಸ್ ಮುಖ್ಯಾಧಿಕಾರಿಗಳ ಸಂಘ ಎಸಿಪಿಒ ನೋಡಿ. 1948ರಲ್ಲಿ ಹುಟ್ಟಿ, 1997ರಲ್ಲಿ ಖಾಸಗಿ ಕಂಪನಿಯಾಗಿ ನೋಂದಾಯಿತು. ಮಾಡುತ್ತಿದ್ದದ್ದು ಸಾರ್ವಜನಿಕ ಕೆಲಸ, ರೂಪ ಮಾತ್ರ ಕಂಪನಿಯದು, 2011ರವರೆಗೆ ಮಾಹಿತಿ ಹಕ್ಕಿನ ವ್ಯಾಪ್ತಿಗೂ ಬಂದಿರಲಿಲ್ಲ. ಟೀಕೆ ಬೆಳೆದು 2015ರ ಏಪ್ರಿಲ್‌ನಲ್ಲಿ ಅದರ ಜಾಗಕ್ಕೆ ನ್ಯಾಷನಲ್ ಪೊಲೀಸ್ ಚೀಫ್ಸ್ ಕೌನ್ಸಿಲ್ ಬಂತು. ಐಎಸಿಪಿ ಇಂಥ ಇಕ್ಕಟ್ಟಿನಿಂದ ಪಾರಾದದ್ದಕ್ಕೆ ಒಂದು ಕಾರಣ, ಭಾರದ ಕೆಲಸಗಳನ್ನು ಅದು ಮೊದಲೇ ಸರ್ಕಾರಕ್ಕೆ ದಾಟಿಸಿದ್ದು.

ಎಣಿಕೆಪುಸ್ತಕ

ಗ್ರಾಫಿನ ಪ್ರಶ್ನೆ ಉಳಿದಿತ್ತು. 1930ರಿಂದ ಇಂದಿನವರೆಗೆ ಒಂದೇ ಗೆರೆ ಎಳೆಯಬೇಡಿ, ಮೂರು ಕಡೆ ತುಂಡಾಗುತ್ತದೆ.

1958ರಲ್ಲಿ ಅಂದಾಜಿನ ವಿಧಾನ ಬದಲಾಯಿತು, ಮುಖ್ಯ ಅಪರಾಧಗಳನ್ನು ಕೂಡಿಸಿದ ಸೂಚ್ಯಂಕದಿಂದ 50 ಡಾಲರಿಗಿಂತ ಕಡಿಮೆಯ ಕಳವನ್ನು ಕೈಬಿಟ್ಟರು (1973ರಲ್ಲಿ ಮತ್ತೆ ಸೇರಿಸಿದರು). ಆದ್ದರಿಂದ ರಾಷ್ಟ್ರಮಟ್ಟದ ಸರಣಿಯನ್ನು 1960ರಿಂದ ಶುರು ಮಾಡಿ. 1930-57ರ ಅಂಕಿಯನ್ನು ಆಯಾ ನಗರದ ಒಳಗೆ ಮಾತ್ರ ಹೋಲಿಸಿ, ಅದೂ ಆ ನಗರದ ದಾಖಲೆ ಕ್ರಮ ಬದಲಾಗಿಲ್ಲ ಎಂದು ಖಚಿತವಾದ ಮೇಲೆ.

ಅತ್ಯಾಚಾರಕ್ಕೆ 1927ರಿಂದ ಇದ್ದ ಕಿರಿದಾದ ವ್ಯಾಖ್ಯೆ 2013ರ ಅಂಕಿಗಳಿಂದ ವಿಸ್ತಾರವಾಯಿತು. ಅಲ್ಲಿ ಕಾಣುವ ಜಿಗಿತವನ್ನು ಏರಿಕೆ ಎಂದು ಓದಬೇಡಿ, ಎರಡು ಪ್ರತ್ಯೇಕ ಗೆರೆ ಹಾಕಿ.

2021ರಲ್ಲಿ ಹಳೆಯ ಸಾರಾಂಶ ಪದ್ಧತಿಯನ್ನು ನಿಲ್ಲಿಸಿ, ಘಟನೆಗೊಂದು ದಾಖಲೆ ಕೊಡುವ ನೈಬರ್ಸ್ (ಎನ್‌ಐಬಿಆರ್‌ಎಸ್) ಪದ್ಧತಿಯೊಂದನ್ನೇ ಉಳಿಸಿಕೊಂಡರು (2022ರ ಅಂಕಿಗಳಿಗೆ ಹಳೆಯ ರೂಪವನ್ನೂ ಮತ್ತೆ ಒಪ್ಪಿಕೊಂಡರು). 2021ರಲ್ಲಿ ನ್ಯೂಯಾರ್ಕ್, ಲಾಸ್ ಏಂಜಲೀಸ್‌ನಂಥ ನಗರಗಳೇ ಹೊಸ ರೂಪದಲ್ಲಿ ಲೆಕ್ಕ ಕಳಿಸಿರಲಿಲ್ಲ. 2021ರ ಬಿಂದುವನ್ನು ಖಾಲಿ ವೃತ್ತವಾಗಿ ತೋರಿಸಿ, ಕೆಳಗೆ ಕಾರಣ ಬರೆಯಿರಿ.

1960ಕ್ಕೂ ಹಿಂದಕ್ಕೆ ಹೋಗಲೇಬೇಕೆಂದರೆ ಕೊಲೆಯೊಂದನ್ನೇ ತೆಗೆದುಕೊಂಡು ಮರಣ ನೋಂದಣಿಯ ಅಂಕಿ ಬಳಸಿ. 1933ರಿಂದ ಅದರಲ್ಲಿ ಆಗಿನ ಎಲ್ಲ ರಾಜ್ಯಗಳೂ ಇವೆ, ಅದನ್ನು ಬರೆಯುವವರು ವೈದ್ಯರು ಮತ್ತು ಕರೋನರ್‌ಗಳು (ಸಾವಿನ ಕಾರಣ ವಿಚಾರಿಸುವ ಅಧಿಕಾರಿಗಳು). ಪೊಲೀಸರ ಅಂಕಿಯ ಜೊತೆ ಒಂದಕ್ಕೊಂದು ಸರಿಯಾಗಿ ಕೂಡುವುದಿಲ್ಲ, ಪೊಲೀಸರ ಗುಂಡಿಗೆ ಸತ್ತವರನ್ನು, ಆತ್ಮರಕ್ಷಣೆಯ ಪ್ರಕರಣಗಳನ್ನು ಎರಡೂ ಕಡೆ ಬೇರೆ ಬೇರೆ ರೀತಿ ವಿಂಗಡಿಸುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ದಿಕ್ಕು ಮಾತ್ರ ನೋಡಿ, ಸಂಖ್ಯೆಗಳನ್ನು ಬೆರೆಸಬೇಡಿ.